ಗೌರಿ ಬಿಟ್ಟುಬಂದ ಕೆಲಸ



ನಿಮ್ಮಲ್ಲೊಬ್ಬರು ಕಳೆದ ವಾರ ನನ್ನ ಮೊಬೈಲಿಗೊಂದು ಬರಹವನ್ನು ಕಳುಹಿಸಿದ್ದೀರಿ. ಗೌರಿ ಲಂಕೇಶ್ ಅಪ್ಪನ ಹೆಸರಿನ ನೆರಳಿನಲ್ಲಿ ಪತ್ರಕರ್ತೆಯಾದವರು, ಕನ್ನಡ ಬಾರದೆ ಕನ್ನಡ ಪತ್ರಿಕೆಯ ಸಂಪಾದಕಿಯಾದವರು ಎಂಬುದು ಅದರ ಸಾರ. ಕಳುಹಿಸಿದವರ ಹೆಸರನ್ನು ಬರೆಯುವುದಿಲ್ಲ. ತರಗತಿಯಲ್ಲಿಯೂ ನಾನು ತಪ್ಪನ್ನು ತಿದ್ದುತ್ತಿದ್ದೆನೇ ಹೊರತು ತಪ್ಪು ಮಾಡಿದವರನ್ನು ಎದ್ದು ನಿಲ್ಲಿಸುತ್ತಿರಲಿಲ್ಲ.

ಮೊದಲನೆಯ ಮಾತು ಶುದ್ಧ ಸುಳ್ಳು. 2000ದ ಜನವರಿ 25ರಂದು ಪಿ. ಲಂಕೇಶರು ತೀರಿಕೊಂಡಾಗ ಗೌರಿ 16 ವರ್ಷಗಳ ಅನುಭವವಿದ್ದ ಪತ್ರಕರ್ತೆ. ಟೈಮ್ಸ್ ಆಫ್ ಇಂಡಿಯಾದಲ್ಲಿ, 'ಸಂಡೇ' ವಾರಪತ್ರಿಕೆಯಲ್ಲಿ ದುಡಿದು, ಆ ಹೊತ್ತಿಗೆ ಈನಾಡು ಬಳಗದ ತೆಲುಗು ಟಿವಿ ವಾಹಿನಿಯ ದೆಹಲಿ ಬ್ಯೂರೋದ ಮುಖ್ಯಸ್ಥೆಯಾಗಿದ್ದರು. ಆ ಕಾಲವನ್ನು ನೆನಪಿಸಿಕೊಳ್ಳಿ. ಹಿಂದಿನ ವರ್ಷವಷ್ಟೇ ಬರ್ಖಾ ದತ್ ಕಾರ್ಗಿಲ್ ಯುದ್ಧಭೂಮಿಯಿಂದ ವರದಿ ಮಾಡಿದ್ದರು. ಟಿವಿ ಸುದ್ದಿಯಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯುತ್ತಿತ್ತು. ಈನಾಡು ಬಳಗದ ಕನ್ನಡ ವಾಹಿನಿಯೂ ಅದೇ ಡಿಸೆಂಬರಿನಲ್ಲಿ ಆರಂಭವಾಯಿತು. ಹೆಸರು, ಸಂಬಳ ಬೇಕೆನ್ನುವವರು ಅಲ್ಲಿಯೇ ಉಳಿಯುತ್ತಿದ್ದರು. ಪತ್ರಿಕೆ ಅಪ್ಪನದು, ನಿಜ. ಆದರೆ ಅದು ಜಾಹೀರಾತನ್ನೇ ಪಡೆಯದ, ಓದುಗರು ಕೊಟ್ಟ ಕಾಸಿನಿಂದ ನಡೆಯುವ ವಾರಪತ್ರಿಕೆ. ಇದು ನೆರಳಾದರೆ ಬಿಸಿಲು ಯಾವುದು?

ಎರಡನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಆಕೆ ಅಲ್ಲಿಯವರೆಗೆ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ಪಾಠ ಹೇಳುತ್ತಿದ್ದ ನಾನೂ ಅಂದು ಅಧ್ಯಾಪಕರ ಕೊಠಡಿಯಲ್ಲಿ ಕುಳಿತು, ಒಂದು ಸಂಚಿಕೆಯನ್ನೂ ಓದದೆ, ಆಕೆಯ ಕನ್ನಡದ ಬಗ್ಗೆ ನಕ್ಕದ್ದುಂಟು. ಅದಕ್ಕಾಗಿ ಇಂದು ನಾಚುತ್ತೇನೆ. 38ರ ವಯಸ್ಸಿನಲ್ಲಿ ಬರಹದ ಭಾಷೆಯನ್ನೇ ಬದಲಿಸಿ, ವಾರವಾರವೂ ಓದುಗರ ಎದುರಿನಲ್ಲೇ ಕಲಿಯುತ್ತ ಬರೆಯುವುದು ಸಣ್ಣ ಕೆಲಸವೇ? ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಮನೆಗೊಂದು ಕನ್ನಡ ಪತ್ರಿಕೆಯನ್ನೂ ತರಿಸದ ನೀವು ಅದನ್ನು ಹಾಸ್ಯ ಮಾಡುತ್ತೀರಾ?

ಆಕೆಯ ಎಲ್ಲ ಮಾತನ್ನೂ ಒಪ್ಪಿದವನು ನಾನಲ್ಲ. 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯವು ಮಾನಹಾನಿ ಪ್ರಕರಣದಲ್ಲಿ ಆಕೆಗೆ ಶಿಕ್ಷೆ ವಿಧಿಸಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಬರಹ ತಪ್ಪಾದರೆ ನ್ಯಾಯಾಲಯವಿದೆಯಲ್ಲ, ಗುಂಡೇಕೆ?

2017ರ ಸೆಪ್ಟೆಂಬರ್ 5. ಬೆಳಗಿನಿಂದಲೂ ಶಿಕ್ಷಕರ ದಿನಾಚರಣೆಯ ಶುಭಾಶಯಗಳು. ಸಂಜೆ ಸುರತ್ಕಲ್ಲಿನ ದೀಪಸ್ತಂಭದ ಬಳಿ ಕಡಲ ದಂಡೆಯಲ್ಲಿ ಕುಳಿತು ಒಂದೊಂದಕ್ಕೂ ಉತ್ತರಿಸಿದ್ದೆ. ಆ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ತಮ್ಮ ಮನೆಯೆದುರಿನಲ್ಲೇ ಗೌರಿ ಗುಂಡಿಗೆ ಬಲಿಯಾದರು. ನಾನು ಮಲಗುವ ಮೊದಲು ಅದೇ ಮೊಬೈಲಿಗೆ 'ತಕ್ಕ ಶಾಸ್ತಿಯಾಯಿತು' ಎಂಬ ಸಂದೇಶ ಬಂತು. ಬೆಳಿಗ್ಗೆ 'ಪೂಜ್ಯ ಗುರುಗಳಿಗೆ ನಮನ' ಎಂದಿದ್ದವರದೇ! ಅಂದು ನಾನು ಉತ್ತರಿಸಲಿಲ್ಲ. ಉತ್ತರಿಸಬೇಕಿತ್ತು.

ಆಕೆಯ 'ಕಂಡಹಾಗೆ' ಅಂಕಣದ ಕೊನೆಯ ಬರಹ ಸುಳ್ಳುಸುದ್ದಿಗಳ ಕುರಿತಾದದ್ದು. ಹುಡುಕಿ ಓದಿ. ಓದಿದ ಬಳಿಕವೂ ನೀವು ಕಳುಹಿಸಿದ್ದೇ ಸರಿಯೆನಿಸಿದರೆ ಮನೆಗೆ ಬನ್ನಿ. ಚಹಾ ಕುಡಿಯುತ್ತ ಜಗಳವಾಡೋಣ.