ಹೊಲದ ಬೋರಿಗೆ ಸಹಾಯಧನ ಇದೆ, ಮನೆಯ ಬಾವಿಗೆ ಯಾಕಿಲ್ಲ?

ಮುನವಳ್ಳಿ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಭಾಗದ ರೈತ ಬಾಂಧವರೇ, ಕೂಲಿಕಾರರೇ, ತಾಯಂದಿರೇ,

ನವಿಲುತೀರ್ಥದ ಅಣೆಕಟ್ಟು ನಮ್ಮ ಪಕ್ಕದಲ್ಲೇ ಇದೆ. ಅಲ್ಲಿಂದ ಹೋಗುವ ಮಲಪ್ರಭೆಯ ನೀರನ್ನು ಹುಬ್ಬಳ್ಳಿ-ಧಾರವಾಡದ ಜನ ಕುಡಿಯುತ್ತಾರೆ. ಕುಡಿಯಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ನದಿಯ ಆಸುಪಾಸಿನ ತೋಟದ ಮನೆಯ ಹೆಣ್ಣುಮಗಳು ಏಪ್ರಿಲ್ ಬಿಸಿಲಿನಲ್ಲಿ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಬೇರೆಯವರ ಹೊಲದ ಪಂಪಿನ ಮುಂದೆ ಕರೆಂಟು ಬರುವುದನ್ನು ಕಾಯುತ್ತಾ ಕೂರಬೇಕೇ? ನಮ್ಮ ತಕರಾರು ಇಷ್ಟೇ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್, ಹಳ್ಳಿಯ ಪ್ರತಿ ಮನೆಗೂ ನಳ, ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಎಂದು ಹೇಳಿತು. ಒಳ್ಳೆಯ ಯೋಜನೆಯೇ. ಆದರೆ ಊರೊಳಗಿನ ಓಣಿಗೆ ಪೈಪು ಎಳೆದಷ್ಟು ಸುಲಭವಾಗಿ ಹೊಲದ ನಡುವೆ ಚದುರಿದ ಮನೆಗಳಿಗೆ ಎಳೆಯಲಾಗದು. ಪೈಪು ಮುಟ್ಟದ ಮನೆಗೆ ಬೇರೆ ದಾರಿ ಬೇಕು.

ಗಂಗಾ ಕಲ್ಯಾಣ ಯಾರಿಗೆ?

"ಗಂಗಾ ಕಲ್ಯಾಣದಲ್ಲಿ ಅರ್ಜಿ ಹಾಕಿ, ಮನೆ ಮುಂದೆ ಬೋರ್ ಹೊಡೆಸಿಕೊಡುತ್ತೇನೆ" ಎನ್ನುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಯೋಜನೆ ಇರುವುದು ನೀರಾವರಿಗೆ. ಅಂಬೇಡ್ಕರ್, ವಾಲ್ಮೀಕಿ, ದೇವರಾಜ ಅರಸು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಸಣ್ಣ ಮತ್ತು ಅತಿ ಸಣ್ಣ ರೈತರ ಜಮೀನಿನಲ್ಲಿ ಕೊಳವೆಬಾವಿ ಕೊರೆಸಿ, ಪಂಪ್‌ಸೆಟ್ ಮತ್ತು ವಿದ್ಯುತ್ ಸಂಪರ್ಕ ಕೊಡುತ್ತವೆ. ಇತ್ತೀಚಿನ ವರ್ಷಗಳ ಪ್ರಕಟಣೆಗಳಂತೆ ನಮ್ಮ ಜಿಲ್ಲೆಗೆ ಘಟಕ ವೆಚ್ಚ 3.75 ಲಕ್ಷ ರೂಪಾಯಿ. ಅದರಲ್ಲಿ 50 ಸಾವಿರ ಸಾಲ, ಉಳಿದದ್ದು ಸಹಾಯಧನ. ಸಾಮಾನ್ಯವಾಗಿ ಒಂದೂವರೆ ಎಕರೆ ಜಮೀನಾದರೂ ಇರಬೇಕು. ಆಯ್ಕೆ ಸಮಿತಿಗೆ ಶಾಸಕರೇ ಅಧ್ಯಕ್ಷರು.

ಅರ್ಹರಾದವರು ಸೇವಾ ಸಿಂಧು ಅಥವಾ ಗ್ರಾಮ ಒನ್ ಮೂಲಕ ತಪ್ಪದೆ ಅರ್ಜಿ ಹಾಕಿ. ಆದರೆ ಹತ್ತು ಗುಂಟೆಯವನು ಏನು ಮಾಡಬೇಕು? ಜಮೀನೇ ಇಲ್ಲದ ಕೂಲಿಕಾರ್ತಿ? ಬೆಳೆಗೆ ಬಾಯಾರಿದರೆ ಸರ್ಕಾರದ ಹಣವಿದೆ, ಮನುಷ್ಯರಿಗೆ ಬಾಯಾರಿದರೆ ಇಲ್ಲ.

ಮನೆಗೊಂದು ಬೋರ್ ಕೊಟ್ಟರೆ ನೆಲ ಬರಿದಾಗದೇ?

ಈ ಪ್ರಶ್ನೆ ಸರಿಯಾದದ್ದೇ. ಲೆಕ್ಕ ಹಾಕೋಣ. ಐದು ಜನರ ಮನೆಗೆ ದಿನಕ್ಕೆ 275 ಲೀಟರ್, ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್ ನೀರು ಬೇಕು. ಒಂದು ಎಕರೆ ಕಬ್ಬಿಗೆ ಮಳೆ ನೀರೂ ಸೇರಿ 1500 ಮಿ.ಮೀ. ಎಂದು ಕಡಿಮೆಯೇ ಹಿಡಿದರೂ 60 ಲಕ್ಷ ಲೀಟರ್ ಆಗುತ್ತದೆ. ಒಂದು ಎಕರೆ ಕಬ್ಬು ಕುಡಿಯುವ ನೀರಿನಲ್ಲಿ 60 ಮನೆಗಳು ವರ್ಷವಿಡೀ ಬದುಕುತ್ತವೆ. ನೆಲವನ್ನು ಬರಿದು ಮಾಡುವುದು ಕೊಡದ ನೀರೆಂದು ಯಾರೂ ಹೇಳಬೇಡಿ.

ಹಾಗೆಂದು ಮನೆಗೊಂದು ಹೊಸ ಬೋರ್ ಬೇಕೆಂದು ನಾವು ಕೇಳುತ್ತಿಲ್ಲ. ಅಂಗೈ ಮೇಲೆ ಅಡ್ಡ ಮಲಗಿದ ತೆಂಗಿನಕಾಯಿ ಎದ್ದು ನಿಂತಿತೆಂದು ಪಾಯಿಂಟ್ ಹಾಕಿಸಿ, ಬಡ್ಡಿ ಸಾಲ ತಂದು ರಿಗ್ ಕರೆಸಿ, ಕೊನೆಗೆ ಬರೀ ಕಲ್ಲಿನ ಪುಡಿ ಹಾರಿದ್ದನ್ನು ನೋಡದ ಊರು ಯಾವುದಿದೆ? ನಮ್ಮದು ಗಟ್ಟಿ ಕಲ್ಲಿನ ಸೀಮೆ. ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಸಾಲ.

ಅದಕ್ಕೇ ನಮ್ಮ ಮೊದಲ ಬೇಡಿಕೆ ಹಳೆಯ ತೆರೆದ ಬಾವಿಯದು. ಅಜ್ಜಂದಿರು ಕಲ್ಲು ಕಟ್ಟಿಸಿದ ಬಾವಿಗಳು ಇಂದು ಕಸದ ಗುಂಡಿಗಳಾಗಿವೆ. ಹೂಳು ತೆಗೆದರೆ ಎಷ್ಟೋ ಕಡೆ ಸೆಲೆ ಮತ್ತೆ ತೆರೆದುಕೊಳ್ಳುತ್ತದೆ. ಅದರ ಜೊತೆಗೆ ಮಾಳಿಗೆಯ ಮಳೆನೀರನ್ನೂ ಬಾವಿಗೆ ಬಿಡಿ: 100 ಚದರ ಮೀಟರ್ ಮಾಳಿಗೆಯ ಮೇಲೆ 600 ಮಿ.ಮೀ. ಮಳೆ ಬಿದ್ದರೆ 60 ಸಾವಿರ ಲೀಟರ್. ಐದನೇ ಒಂದು ಭಾಗ ಪೋಲಾದರೂ 48 ಸಾವಿರ ಲೀಟರ್ ಉಳಿಯುತ್ತದೆ. ಅದು ಮನೆಯ ವರ್ಷದ ಅಗತ್ಯದ ಹತ್ತಿರಹತ್ತಿರ ಅರ್ಧ.

ನಮ್ಮ ಬೇಡಿಕೆಗಳು

1. ನಳ ತಲುಪದ ಮನೆಗಳ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ, ಮುನವಳ್ಳಿಯಲ್ಲಿ ಪುರಸಭೆಯ ಮೂಲಕ, ಎಲ್ಲರ ಮುಂದೆ ಓದಿ ಅಂತಿಮಗೊಳಿಸಬೇಕು. ಜಮೀನು ಇರಲಿ ಬಿಡಲಿ, ಹೆಸರು ಸೇರಬೇಕು.

2. ಹಳೆಯ ಬಾವಿಯ ಹೂಳೆತ್ತಲು, ಕಟ್ಟೆ ಕಟ್ಟಲು, ಮೇಲೆ ಜಾಳಿಗೆ ಹಾಕಲು, ಮಾಳಿಗೆ ನೀರು ಸೋಸಿ ಬಿಡಲು ಸಹಾಯಧನ ಕೊಡಬೇಕು. ಹತ್ತಿರದಲ್ಲಿ ಬಾವಿಯೇ ಇಲ್ಲದಿದ್ದರೆ ಮಾತ್ರ ಹೊಸ ಬೋರ್.

3. ಮೂರು-ನಾಲ್ಕು ಮನೆಗಳಿಗೆ ಒಂದು ಬಾವಿ. ನೀರಿನ ಹಕ್ಕು ಎಲ್ಲ ಮನೆಗಳ ಹೆಣ್ಣುಮಕ್ಕಳ ಹೆಸರಿನಲ್ಲಿ ಲಿಖಿತವಾಗಿರಬೇಕು. ಯಾರ ಹೊಲದಲ್ಲಿ ಬಾವಿ ಇದೆಯೋ ಅವರು ಯಾವ ಜಾತಿಯವರಿಗೂ ನೀರು ತಡೆಯುವಂತಿರಬಾರದು.

4. ಹೊಸ ಬೋರಿನ ಜಾಗವನ್ನು ಭೂವಿಜ್ಞಾನಿ ಗುರುತಿಸಬೇಕು. ಸಾರ್ವಜನಿಕ ಕುಡಿಯುವ ನೀರಿನ ಮೂಲದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು 1999ರ ಅಂತರ್ಜಲ ಕಾಯ್ದೆ ಹೇಳುತ್ತದೆ. ಅದನ್ನು ಪಾಲಿಸಬೇಕು.

5. ಕುಡಿಯುವ ಮೊದಲು ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಉಚಿತವಾಗಿ ಆಗಬೇಕು. ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ದಾಟಿದ ನೀರು ಮಕ್ಕಳ ಬಾಯಿಗೆ ಹೋಗಬಾರದು.

6. ನೀರು ಬೀಳದ ಬೋರನ್ನು ಅದೇ ದಿನ ಮುಚ್ಚಬೇಕು. ಮುಚ್ಚಿದ ಫೋಟೋ ಕೊಟ್ಟ ಮೇಲೆಯೇ ಸಹಾಯಧನದ ಕೊನೆಯ ಕಂತು. 2017ರ ಏಪ್ರಿಲ್‌ನಲ್ಲಿ ನಮ್ಮದೇ ಜಿಲ್ಲೆಯ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಾಲಕಿಯೊಬ್ಬಳು ತೆರೆದ ಬೋರಿಗೆ ಬಿದ್ದು ಸತ್ತಳು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಪುಟ್ಟ ಮಗುವೊಂದು ಬದುಕಿ ಬಂದದ್ದು ರಕ್ಷಣಾ ಸಿಬ್ಬಂದಿಯ ಪುಣ್ಯ.

ನೀವು ಮಾಡಬೇಕಾದದ್ದು

ನಿಮ್ಮ ಮನೆಯಿಂದ ನಳಕ್ಕೆ ಎಷ್ಟು ದೂರ, ಮನೆಯಲ್ಲಿ ಎಷ್ಟು ಜನ, ಹತ್ತಿರದ ಹಳೆ ಬಾವಿ ಯಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಂಚಾಯಿತಿಗೆ ಅಥವಾ ಪುರಸಭೆಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿ ಮಾತಿನ ಬೇಡಿಕೆ ಕಡತಕ್ಕೆ ಹೋಗುವುದಿಲ್ಲ. ಮುಂದಿನ ಗ್ರಾಮ ಸಭೆಗೆ ಗಂಡಸರು ಮಾತ್ರ ಹೋಗಿ ಸಹಿ ಹಾಕಿ ಬರುವುದು ಬೇಡ. ನೀರು ಹೊರುವವರು ಬಂದು ಮಾತಾಡಲಿ, ಅವರ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗುವ ತನಕ ಯಾರೂ ಏಳಬೇಡಿ.

ಹೊಲಕ್ಕೆ ಗಂಗೆ ಬಂದಳು, ಮನೆಗೂ ಬರಲಿ!

— ಮುನವಳ್ಳಿ ಸುತ್ತಮುತ್ತಲಿನ ತೋಟದ ಮನೆಗಳ ನಿವಾಸಿಗಳು