ಭಾಷೆ ಬಾರದವನು ಯಾರು?

ಓದುಗರೇ, ಗೆದ್ದ ಚಿತ್ರದ ಎರಡನೇ ಭಾಗವೆಂದರೆ ಹಳೇ ಬ್ಲಾಕಿಗೆ ಹೊಸ ಶಾಯಿ ಎನ್ನುತ್ತೀರಾ? ಹಾಲಿವುಡ್ಡಿನ 'ರಶ್ ಅವರ್ 2' ನೋಡಿ. 1998ರ ಮೊದಲ ಚಿತ್ರದಲ್ಲಿ ಹಾಂಗ್‌ಕಾಂಗ್ ಪೊಲೀಸ್ ಜಾಕಿ ಚಾನ್, ಲಾಸ್ ಏಂಜಲೀಸ್‌ಗೆ ಬಂದು ಭಾಷೆ ಬಾರದವನೆಂದು ಹೀಯಾಳಿಸಿಕೊಂಡ. 2001ರ ಎರಡನೆಯದರಲ್ಲಿ ಹೀಯಾಳಿಸಿದ್ದ ಕ್ರಿಸ್ ಟಕರ್‌ನೇ ಹಾಂಗ್‌ಕಾಂಗ್‌ನಲ್ಲಿ ಅರೆಬರೆ ಚೀನೀ ಮಾತಾಡಿ ನಗೆಪಾಟಲಾದ! ತೆರೆಯ ಹಿಂದೆಯೂ ಅದೇ ಕಥೆ. ನಟಿ ಜಾಂಗ್ ಜೀಯಿಗೆ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ನಿರ್ದೇಶಕ ಬ್ರೆಟ್ ರಾಟ್ನರ್ ಮಾತನ್ನು ಚಾನ್ ಅವರೇ ತರ್ಜುಮೆ ಮಾಡಿದರು. ಹಲವು ವಿಮರ್ಶಕರು ಮೂಗು ಮುರಿದರು. ಆದರೂ 9 ಕೋಟಿ ಡಾಲರ್ ಸುರಿದ ಚಿತ್ರ ಜಗತ್ತಿನಾದ್ಯಂತ ಸುಮಾರು 34.7 ಕೋಟಿ ಬಾಚಿತು. ಭಾಷೆ ಬಾರದ್ದು ದಡ್ಡತನವಲ್ಲ. ಊರು ಬದಲಾದರೆ ವಾಚಾಳಿಯೂ ತೊದಲುತ್ತಾನೆ. ನಗುವವರಿಗೆ ಇದು ನೆನಪಿರಲಿ!