ಹೊರರೋಗಿಗಳ ಸಮಾಧಾನ

ಆಸ್ಪತ್ರೆಗಳಿಗೆ ಬಂದವರಿಗೆ ಸಮಾಧಾನವಾಯಿತೇ ಎಂದು ಕೇಳಿ ತಿಳಿಯುವ ಏರ್ಪಾಡನ್ನು ಕೇಂದ್ರ ಸರ್ಕಾರದವರು 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ಹೆಸರಿನಿಂದ ಆರಂಭಿಸಿದರು. ಉದ್ದೇಶವು ಸ್ತುತ್ಯವಾದುದೇ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯ ಕೂಲಿಕಾರನು ಮುಂಜಾನೆಯ ಬಸ್ಸು ಹಿಡಿದು ಬಂದು, ಚೀಟಿಗೊಂದು, ವೈದ್ಯರಿಗೊಂದು, ಔಷಧಕ್ಕೊಂದು ಸಾಲಿನಲ್ಲಿ ನಿಂತು, ದಿನದ ಕೂಲಿಯನ್ನು ಕಳೆದುಕೊಂಡ ಮೇಲೂ ‘ಚೆನ್ನಾಗಿದೆ’ ಎಂದೇ ಹೇಳುವನು. ನಾಳೆ ಅದೇ ಬಾಗಿಲಿಗೆ ಬರಬೇಕಾದವನು ಬೇರೇನೆಂದಾನು? ಬೇಸತ್ತವನು ಸಾಲಮಾಡಿ ಖಾಸಗಿ ವೈದ್ಯರಲ್ಲಿಗೆ ಹೋಗಿರುವನು. ಅವನನ್ನು ಕೇಳುವವರೇ ಇಲ್ಲ.

ಹರಪನಹಳ್ಳಿಯ ಸಂಗತಿ ಇನ್ನೊಂದು ಬಗೆಯದು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಈ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದಿತು. ಜಿಲ್ಲಾಕೇಂದ್ರವಾದ ಹೊಸಪೇಟೆಗಿಂತ ದಾವಣಗೆರೆಯೇ ಅದಕ್ಕೆ ಸಮೀಪ. ಹೆಚ್ಚಿನ ಚಿಕಿತ್ಸೆಗೆ ರೋಗಿಯನ್ನು ಎಲ್ಲಿಗೆ ಕಳುಹಿಸಬೇಕೆಂಬುದನ್ನು ಕಾಗದದ ಗಡಿಯು ನಿರ್ಣಯಿಸತಕ್ಕದ್ದಲ್ಲ.

ಬರೆದುಕೊಟ್ಟ ಔಷಧಗಳಲ್ಲಿ ಎಷ್ಟು ಆಸ್ಪತ್ರೆಯಲ್ಲಿಯೇ ದೊರೆತವು, ಎಷ್ಟನ್ನು ಅಂಗಡಿಯಲ್ಲಿ ಕೊಳ್ಳಬೇಕಾಯಿತು ಎಂಬ ಲೆಕ್ಕವನ್ನು ಪ್ರತಿ ತಿಂಗಳೂ ಬಾಗಿಲಲ್ಲಿಯೇ ಬರೆದು ಹಾಕುವಂತೆ ಈ ಐದು ತಾಲ್ಲೂಕುಗಳ ಆರೋಗ್ಯ ರಕ್ಷಾ ಸಮಿತಿಗಳವರನ್ನು ನಾವು ಒತ್ತಾಯಪಡಿಸುತ್ತೇವೆ.